ಸದ್ದಿಲ್ಲದ ಫ್ಯಾನು

ಕೂತಲ್ಲಿ ಕೂರುವ ಜಾಯಮಾನ ನನ್ನದಲ್ಲ. ಹದಿನೆಂಟು ವರ್ಷ ಬಸ್ ನಿಲ್ದಾಣದ ಗಾಜಿನ ಗೂಡಿನಲ್ಲಿ ಕೂತೇ ಇದ್ದೆಯಲ್ಲ ಎಂದು ಅಣ್ಣ ಕೇಳುತ್ತಾನೆ. ಅಲ್ಲಿ ಕೂತಿದ್ದು ಮೈ ಮಾತ್ರ, ಬಾಯಿ ದಿನಕ್ಕೆ ನೂರು ಊರು ತಿರುಗಿ ಬರುತ್ತಿತ್ತು. ಯಾವ ಬಸ್ಸು ಎಲ್ಲಿಗೆ, ಯಾವ ಪ್ಲಾಟ್‌ಫಾರ್ಮಿನಿಂದ, ಎಷ್ಟು ಹೊತ್ತಿಗೆ ಎಂದು ಮೈಕಿನಲ್ಲಿ ಹೇಳುವುದು ನನ್ನ ಕೆಲಸ. ಮೂರು ತಿಂಗಳ ಹಿಂದೆ ಆ ಕೆಲಸಕ್ಕೆ ಯಂತ್ರ ಬಂತು. ಕೊನೆಯ ಸಂಬಳದ ಜೊತೆ ಒಂದು ಗೋಡೆ ಗಡಿಯಾರ ಕೊಟ್ಟು ನಿಲ್ದಾಣದವರು ಕೈತೊಳೆದುಕೊಂಡರು. ಅದು ಹತ್ತು ನಿಮಿಷ ಹಿಂದೆ ನಡೆಯುತ್ತದೆ. ಬಸ್ ನಿಲ್ದಾಣದವರು ಕೊಟ್ಟದ್ದು, ಇನ್ನೇನು ಆಗಬೇಕಿತ್ತು.

ಅಂದಿನಿಂದ ಮನೆಯಲ್ಲಿ ನನ್ನ ಕಾಟ ಹೇಳತೀರದು. ಅಡುಗೆಮನೆಯ ಡಬ್ಬಗಳನ್ನು ಎತ್ತರದ ಪ್ರಕಾರ ಜೋಡಿಸಿದೆ, ಆಮೇಲೆ ಬಣ್ಣದ ಪ್ರಕಾರ, ಆಮೇಲೆ ಸಿಟ್ಟು ಬಂದು ಹೇಗೋ ಹಾಗೆ. ಅಣ್ಣ ಬಡಗಿ. ಕೆಳಗೆ ಅವನ ಮರಗೆಲಸದ ಶೆಡ್ಡು, ಮೇಲೆ ನಮ್ಮ ಮನೆ. ಇರುವವರು ನಾವಿಬ್ಬರೇ. ಮದುವೆಯ ಗೋಜಿಗೆ ಇಬ್ಬರೂ ಹೋಗಲಿಲ್ಲ: ಅವನಿಗೆ ಪುರುಸೊತ್ತಿರಲಿಲ್ಲ, ನನಗೆ ತಾಳ್ಮೆಯಿರಲಿಲ್ಲ. ಅವನು ನನ್ನನ್ನು ಕರೆಯುವುದು ಮೈಕು ಎಂದು. ನಾನು ಮೇಲಿನಿಂದ 'ಊಟ' ಎಂದರೆ ಕೆಳಗೆ ಗರಗಸದ ಯಂತ್ರ ಓಡುತ್ತಿದ್ದರೂ ಅವನಿಗೆ ಕೇಳುತ್ತದೆ, ಪಕ್ಕದ ಬೀದಿಯವರಿಗೂ ಕೇಳುತ್ತದೆ.

ಹೀಗಿರುವಾಗ ಕಣ್ಣು ಕಾಣದವರಿಗಾಗಿ ಪುಸ್ತಕ ಓದಿ ಧ್ವನಿಮುದ್ರಿಸುವ ಒಂದು ಸಂಸ್ಥೆಯಿಂದ ನನ್ನ ಅರ್ಜಿಗೆ ಉತ್ತರ ಬಂತು. ಓದುವವರು ತಮ್ಮ ಮನೆಯಲ್ಲೇ, ತಮ್ಮದೇ ಕಂಪ್ಯೂಟರಿನಲ್ಲಿ ಓದಿ ಕಳಿಸಬೇಕಂತೆ. ಮೊದಲು ಪರೀಕ್ಷೆಗೆ ಒಂದು ಅಧ್ಯಾಯ: ಜೇನು ಸಾಕುವುದರ ಬಗ್ಗೆ, ಇಪ್ಪತ್ತಾರು ಪುಟ. ಶನಿವಾರ ಸಂಜೆ ನಾಲ್ಕರೊಳಗೆ ತಲುಪಬೇಕು. ಹಿನ್ನೆಲೆಯಲ್ಲಿ ಯಾವ ಸದ್ದೂ ಇರಕೂಡದು ಎಂಬ ಸಾಲಿನ ಕೆಳಗೆ ಗೆರೆ ಎಳೆದಿದ್ದರು. ಒಂದೇ ಜಾಗ ಖಾಲಿ ಇದೆ, ಇನ್ನೂ ಮೂವರು ಓದುತ್ತಿದ್ದಾರೆ ಎಂದೂ ಬರೆದಿದ್ದರು.

ಆ ಕೆಲಸ ನನಗೆ ಬೇಕೇ ಬೇಕಿತ್ತು. ಅನ್ನವನ್ನೇನೋ ಅಣ್ಣ ಹಾಕುತ್ತಾನೆ, ಮರಕ್ಕೆ ಉಜ್ಜುಕಾಗದ ಉಜ್ಜಿಕೊಂಡು ನಾನೂ ಶೆಡ್ಡಿನಲ್ಲಿ ಇದ್ದುಬಿಡಬಹುದು. ಆದರೆ ನನ್ನ ದನಿ ಇನ್ನು ಯಾರಿಗೂ ಬೇಡ ಎಂಬುದನ್ನು ಒಪ್ಪಿಕೊಳ್ಳಲು ನನ್ನಿಂದ ಆಗುತ್ತಿರಲಿಲ್ಲ. ನಲವತ್ತೆರಡಕ್ಕೇ ಬಾಯಿ ಮುಚ್ಚಿಕೊಂಡು ಕೂರುವುದೆಂದರೆ ನನಗೆ ಸಾವಿಗೆ ಸಮ.

ಕೊನೆಯ ಸಂಬಳದಲ್ಲೇ ಕಂಪ್ಯೂಟರು ಆಗಬೇಕು ಎಂದು ತೀರ್ಮಾನಿಸಿದೆ. ಸಿದ್ಧವಾದದ್ದು ಕೊಳ್ಳಲು ಹೋದರೆ ದುಡ್ಡು ಅರ್ಧಕ್ಕೇ ಮುಗಿಯುತ್ತಿತ್ತು, ಬಿಡಿಭಾಗ ತಂದು ಜೋಡಿಸಿಕೊಂಡರೆ ಹೇಗೋ ಎಟಕುತ್ತಿತ್ತು. ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಪಟ್ಟಿ ಬರೆದೆ. ಬರೆದೆ, ಹೊಡೆದುಹಾಕಿದೆ, ಮತ್ತೆ ಬರೆದೆ. ಮೆಮೊರಿ ಎಂಟು ಜಿಬಿ ಸಾಕೋ ಹದಿನಾರು ಬೇಕೋ? ಹದಿನಾರು ಹಾಕಿದರೆ ಪ್ರೊಸೆಸರು ಒಂದು ಮೆಟ್ಟಿಲು ಇಳಿಯಬೇಕು. ಪ್ರೊಸೆಸರು ಹತ್ತಿಸಿದರೆ ಮೈಕಿಗೆ ದುಡ್ಡಿಲ್ಲ. ಮೈಕಿಲ್ಲದೆ ಜೇನಿನ ಪಾಠವನ್ನು ಯಾರ ಮುಂದೆ ಓದಲಿ, ಜೇನಿನ ಮುಂದೆಯೇ? ಜನವರಿಯ ಹಿಂದೆ ಶುರುವಾದ ಪಟ್ಟಿ ಸೆಪ್ಟೆಂಬರಿನ ಹಿಂದೆ ಬಂದು ನಿಂತಿತು.

"ಅಲ್ವೇ ಮೈಕು, ಒಂದು ಬೀರುಗೆ ಇಷ್ಟು ಲೆಕ್ಕ ಹಾಕಿದ್ರೆ ನಾನು ಈ ಜನ್ಮದಲ್ಲಿ ಒಂದು ಬಾಗಿಲೂ ಕೂರಿಸ್ತಿರಲಿಲ್ಲ," ಎಂದ ಅಣ್ಣ.

"ಬೀರು ಬಿಸಿಯಾಗಲ್ಲ, ಅದಕ್ಕೆ ಫ್ಯಾನೂ ಬೇಕಾಗಲ್ಲ. ಸುಮ್ನಿರು."

ಗುರುವಾರ ಇಬ್ಬರೂ ಅಂಗಡಿಗೆ ಹೋದೆವು. ಒಂದು ಗಂಟೆಯ ಬಸ್ ದಾರಿ. ಅಣ್ಣ ದಾರಿಯುದ್ದಕ್ಕೂ ಗಿರಾಕಿಗಳ ಮೇಲೆ ಹರಿಹಾಯುತ್ತಿದ್ದ. ಈಗಿನವರಿಗೆ ಬಾಯಿ ಬಿಟ್ಟು ಮಾತಾಡಲು ಬರುವುದಿಲ್ಲ, ಎಲ್ಲರೂ ಗಂಟಲೊಳಗೇ ಗೊಣಗುತ್ತಾರೆ, ಮೇಜು ನಾಲ್ಕಡಿ ಎಂದರೋ ಆರಡಿ ಎಂದರೋ ತಿಳಿಯುವುದಿಲ್ಲ, ಆಮೇಲೆ ಅಳತೆ ತಪ್ಪಿತು ಎಂದು ಜಗಳಕ್ಕೆ ಬರುತ್ತಾರೆ. ನಾನು ಹೂಂಗುಟ್ಟಿದೆ. ನನ್ನ ತಲೆಯಲ್ಲಿ ಹದಿನಾರೋ ಎಂಟೋ ಓಡುತ್ತಿತ್ತು.

ಅಂಗಡಿ ಎಂದರೆ ಎರಡು ಆಳು ನಿಲ್ಲುವಷ್ಟು ಜಾಗ, ಮಿಕ್ಕಿದ್ದೆಲ್ಲ ರಟ್ಟಿನ ಪೆಟ್ಟಿಗೆ. ಅಂಗಡಿಯವರು ದಪ್ಪ ಕನ್ನಡಕದ, ಬಹಳ ಮೃದು ಮಾತಿನ ಮನುಷ್ಯ. ನನ್ನ ಸೆಪ್ಟೆಂಬರ್ ಹಾಳೆಯನ್ನು ಪರೀಕ್ಷೆಯ ಉತ್ತರಪತ್ರಿಕೆಯ ಹಾಗೆ ಓದಿದರು.

"ಆಟ ಗೀಟ ಆಡ್ತೀರಾ ಮೇಡಂ?"

"ಇಲ್ಲ. ಓದ್ತೀನಿ. ಜೋರಾಗಿ."

"ಹಾಗಾದ್ರೆ ಗ್ರಾಫಿಕ್ಸ್ ಕಾರ್ಡ್ ತೆಗೆದುಹಾಕಿ, ಚಿತ್ರ ತೋರಿಸೋದನ್ನ ಪ್ರೊಸೆಸರೇ ನೋಡ್ಕೊಳ್ಳುತ್ತೆ. ಆ ದುಡ್ಡಲ್ಲಿ ಮೆಮೊರಿ ಹದಿನಾರೇ ಹಾಕಿ. ಪವರ್ ಸಪ್ಲೈ ಮಾತ್ರ ಅಗ್ಗದ್ದು ಬೇಡ, ಅದು ಕೆಟ್ರೆ ಹೋಗ್ತಾ ಎಲ್ಲವನ್ನೂ ಕರ್ಕೊಂಡು ಹೋಗುತ್ತೆ."

ಕ್ಯಾಲೆಂಡರಿನ ಒಂಬತ್ತು ಹಾಳೆ ತುಂಬಿದ ನನ್ನ ತಲೆಬಿಸಿಯನ್ನು ಎರಡು ನಿಮಿಷದಲ್ಲಿ ಮುಗಿಸಿದ್ದಕ್ಕೆ ಅವರ ಮೇಲೆ ಸಣ್ಣ ಕೋಪವೇ ಬಂತು. ಭಾಗಗಳನ್ನೆಲ್ಲ ಕೂರಿಸುವ ಪೆಟ್ಟಿಗೆ, ಕ್ಯಾಬಿನೆಟ್ಟಿನ ತಗಡನ್ನು ಅಣ್ಣ ಬೆರಳಲ್ಲಿ ಬಡಿದು ನೋಡಿ, ಮೂಲೆಗಳು ಕೂಡಿರುವ ರೀತಿಗೆ ಮುಖ ಸಿಂಡರಿಸಿದ. ಯಾರೋ ಬಳಸಿ ಬಿಟ್ಟಿದ್ದ ಹಳೆಯ ಕ್ಯಾಬಿನೆಟ್ಟೊಂದು ಕಡಿಮೆಗೆ ಸಿಕ್ಕಿತು. ಪ್ರೊಸೆಸರು ಪೆಟ್ಟಿಗೆಯಿಲ್ಲದ್ದು ಕೊಂಡರೆ ಇನ್ನೂ ಅಗ್ಗ, ಆದರೆ ಅದನ್ನು ತಣ್ಣಗಿಡುವ ಫ್ಯಾನನ್ನು ಬೇರೆಯಾಗಿ ತೆಗೆದುಕೊಳ್ಳಬೇಕು ಎಂದರು.

"ಫ್ಯಾನು ಉಸಿರಾಡಬಾರದು. ಅದೊಂದೇ ನನ್ನ ಷರತ್ತು," ಎಂದೆ.

ಅವರು ಮೂರು ಫ್ಯಾನು ತೆಗೆದು ಮೇಜಿನ ಮೇಲೆ ಇಟ್ಟರು. ಅಷ್ಟರಲ್ಲಿ ಎದುರಿನ ಅಂಗಡಿಯವನು ಬಾಗಿಲೆಳೆಯುವುದು ಕಂಡಿತು, ನಾನು ಕೊಳ್ಳಬೇಕಿದ್ದ ಮೈಕು ಇದ್ದದ್ದು ಅಲ್ಲಿ. "ಅಣ್ಣ, ನೀನು ಫ್ಯಾನು ನೋಡು, ಸದ್ದಿಲ್ಲದ್ದು ಆರಿಸು," ಎಂದು ಕೂಗಿ ರಸ್ತೆ ದಾಟಿ ಓಡಿದೆ. ವಾಪಸು ಬಂದಾಗ ಅಣ್ಣ ಗೆದ್ದ ಮುಖದಲ್ಲಿ ನಿಂತಿದ್ದ. ಮೂರನ್ನೂ ಓಡಿಸಿ, ಒಂದೊಂದಕ್ಕೂ ಕಿವಿ ಹಚ್ಚಿ ಕೇಳಿದ್ದನಂತೆ. ಎಲ್ಲಕ್ಕಿಂತ ಅಗ್ಗದ್ದೇ ಎಲ್ಲಕ್ಕಿಂತ ಸುಮ್ಮನಿದೆಯಂತೆ.

"ನೋಡು, ಮಿಕ್ಕೆರಡೂ ಗುರ್ರ್ ಅಂತವೆ. ಇದು ಸತ್ತಹಾಗೆ ಬಿದ್ದಿರುತ್ತೆ. ಅರ್ಧ ದುಡ್ಡು ಉಳೀತು."

ಅಂಗಡಿಯವರು ಏನೋ ಹೇಳಲು ಬಾಯಿ ತೆರೆದರು. ಬಸ್ಸು ತಪ್ಪುತ್ತದೆ ಎಂದು ನಾನು ಚೀಲ ಎತ್ತಿಕೊಂಡೆ. ಹದಿನೆಂಟು ವರ್ಷ ಜನರನ್ನು ಬಸ್ಸಿಗೆ ಅವಸರಪಡಿಸಿದವಳು, ನನ್ನನ್ನು ನಾನೇ ಬಿಡುವುದುಂಟೆ?

ಶುಕ್ರವಾರ ಶೆಡ್ಡಿನ ಮೇಜಿನ ಮೇಲೆ ಜೋಡಣೆ ನಡೆಯಿತು. ಪ್ರೊಸೆಸರಿಗೂ ಫ್ಯಾನಿಗೂ ನಡುವೆ ಶಾಖ ದಾಟಿಸುವ ಲೇಪ ಸಾಸಿವೆಯಷ್ಟು ಹಚ್ಚಿ ಎಂದು ಫ್ಯಾನಿನ ಜೊತೆ ಬಂದ ಚೀಟಿಯಲ್ಲಿದ್ದರೆ, ಅಣ್ಣ ಹಲಗೆಗೆ ಅಂಟು ಬಳಿದ ಹಾಗೆ ಬಳಿದ. ಅದನ್ನು ಒರೆಸಿ ಮತ್ತೆ ಹಚ್ಚಲು ನನಗೆ ಅರ್ಧ ಗಂಟೆ ಹಿಡಿಯಿತು. ಆದರೆ ತಿರುಪು ಬಿಗಿಯುವಾಗ ಅವನ ಕೈ ನೋಡಬೇಕು: ಎಷ್ಟು ಬಿಗಿದರೆ ಬೋರ್ಡು ಬಿರಿಯುತ್ತದೆ ಎಂಬುದು ಯಾರೂ ಹೇಳದೆ ಆ ಬೆರಳುಗಳಿಗೆ ಗೊತ್ತಿತ್ತು. ಮೊದಲ ಸಲಕ್ಕೇ ಪರದೆ ಬೆಳಗಿತು. ನಾನು ಕುಣಿದಾಡಿದೆ. ಅಷ್ಟರಲ್ಲಿ ಅಣ್ಣ ಪಕ್ಕದಲ್ಲಿ ಗರಗಸ ಓಡಿಸತೊಡಗಿದ್ದ. ಮೇಲೆ ತಂದ ಮೇಲೆ ಬೀದಿಯಲ್ಲಿ ರಸ್ತೆ ಅಗೆಯುವವರ ಗದ್ದಲ. ಫ್ಯಾನಿನ ಸದ್ದು ಕೇಳುವ ಮಾತೇ ಇರಲಿಲ್ಲ.

ಶನಿವಾರ ಬೆಳಿಗ್ಗೆ ರಸ್ತೆ ಅಗೆಯುವವರು ಬರಲಿಲ್ಲ. ಅಣ್ಣ ಗರಗಸಕ್ಕೆ ರಜೆ ಕೊಟ್ಟ. ಕಿಟಕಿ ಮುಚ್ಚಿ ಗೋಡೆಗೆ ಕಂಬಳಿ ತೂಗುಹಾಕಿ ಕೋಣೆಯನ್ನು ಗುಹೆ ಮಾಡಿಕೊಂಡೆ. ಕಂಪ್ಯೂಟರಿನ ಗುಂಡಿ ಒತ್ತಿದೆ.

ಕೀ...

ಸೊಳ್ಳೆಯಂಥ ಸದ್ದು. ಜೋರಿಲ್ಲ, ಆದರೆ ಬಿಡುವುದೂ ಇಲ್ಲ. ಮೂರು ಪುಟ ಓದಿ, ಹೆಡ್‌ಫೋನು ಹಾಕಿ ಕೇಳಿದೆ. ನನ್ನ ಪ್ರತಿ ಮಾತಿನ ಹಿಂದೆಯೂ ಅದು ಕೂತಿತ್ತು. ನಾನು ಉಸಿರು ತೆಗೆದುಕೊಳ್ಳುವ ಕಡೆಗಳಲ್ಲಂತೂ ತಾನೇ ಓದುತ್ತಿರುವ ಹಾಗೆ ಮುಂದೆ ಬರುತ್ತಿತ್ತು.

"ಅಣ್ಣಾ!"

ಅಣ್ಣ ಮೆಟ್ಟಿಲು ಹತ್ತಿ ಬಂದ.

"ಇದೇನಾ ನಿನ್ನ ಸತ್ತ ಫ್ಯಾನು? ಕೇಳು ಹೆಂಗೆ ಕೂಗ್ತಿದೆ."

ಅವನು ಬಗ್ಗಿ ಪೆಟ್ಟಿಗೆಗೆ ಕಿವಿ ಕೊಟ್ಟ. "ಯಾವ ಸದ್ದು?"

"ಕೀ ಅಂತಿದೆಯಲ್ಲೋ!"

"ಏನೂ ಅಂತಿಲ್ಲ." ಹೆಡ್‌ಫೋನು ಕೊಟ್ಟೆ. ಹಾಕಿಕೊಂಡು ಕೇಳಿದ, ತೆಗೆದ. "ನಿನ್ನ ದನಿ ಇದೆ. ಬೇರೇನೂ ಇಲ್ಲ. ಮೂರು ತಿಂಗಳಿಂದ ನಿದ್ದೆ ಸರಿಯಿಲ್ಲ ನಿಂಗೆ, ಅದು ನಿನ್ನ ತಲೇಲಿರೋ ಸದ್ದು ಕಣೇ. ಇದ್ರೂ ಏನೀಗ, ಜೇನಿನ ಪಾಠ ತಾನೆ, ಹೊಂದ್ಕೊಳ್ಳುತ್ತೆ ಬಿಡು."

ಉರಿದುಬಿದ್ದೆ. ತಾನು ಆರಿಸಿದ್ದು ತಪ್ಪಾಯಿತು ಎಂದು ಒಪ್ಪಲು ಗಂಡಸರಿಗೆ ಏನು ಕಷ್ಟ ಎಂದೆ. ನಿನಗೆ ಕೆಲಸ ಹೋದ ಮೇಲೆ ಎಲ್ಲದರಲ್ಲೂ ಹುಳುಕೇ ಕಾಣುತ್ತದೆ ಎಂದ ಅವನು. ಅದು ನಾಟಿತು. ಅವನು ದಡದಡ ಇಳಿದು ಹೋದ.

ಒಬ್ಬಳೇ ಕೂತಾಗ ಅವನು ಹೇಳಿದ್ದೇ ನಿಜವೋ ಏನೋ ಎನ್ನಿಸತೊಡಗಿತು. ಎದ್ದು ಬಾಗಿಲ ತನಕ ಹೋದೆ, ಬಂದೆ. ಕಿವಿ ಮುಚ್ಚಿಕೊಂಡರೆ ಸದ್ದಿಲ್ಲ, ಬಿಟ್ಟರೆ ಇದೆ. ಆದರೆ ತಲೆಯೊಳಗಿನ ಸದ್ದು ಹೇಗಿರುತ್ತದೆಂದು ನನಗೇನು ಗೊತ್ತು? ಎಷ್ಟೋ ವರ್ಷ ಧ್ವನಿವರ್ಧಕದ ಪಕ್ಕದಲ್ಲೇ ಕಳೆದವಳು ನಾನು. ಓದುವ ಕೆಲಸಕ್ಕೆ ಹೊರಟವಳ ಕಿವಿಯೇ ಹಾಳಾಗಿದ್ದರೆ? ಗಂಟೆ ಹನ್ನೊಂದು. ತಡೆಯಲಾರದೆ ದಪ್ಪ ಕನ್ನಡಕದ ಆ ಕಂಪ್ಯೂಟರ್ ಅಂಗಡಿಯವರಿಗೆ ಫೋನು ಮಾಡಿ, ಫೋನನ್ನು ಪೆಟ್ಟಿಗೆಯ ಹತ್ತಿರ ಹಿಡಿದೆ.

"ಕೇಳ್ತಿದೆಯಾ ನಿಮಗೆ?"

"ಹೂಂ ಮೇಡಂ, ಚೆನ್ನಾಗೇ ಕೇಳ್ತಿದೆ. ನಿಮ್ಮ ಅಣ್ಣೋರಿಗೆ ಎರಡು ಸಲ ಹೇಳಿದ್ದೆನಲ್ಲ, ಮೂರರಲ್ಲಿ ಇದೇ ಕೀ ಅನ್ನೋದು ಅಂತ. ಅವರು ಹೂಂ ಹೂಂ ಅಂತ ತಲೆ ಆಡಿಸಿ ಇದನ್ನೇ ಕೊಡಿ ಅಂದ್ರು. ನನಗೂ ಆಶ್ಚರ್ಯ ಆಯ್ತು. ಬದಲಾಯಿಸಿ ಕೊಡ್ತೀನಿ ಬನ್ನಿ, ಆದ್ರೆ ಇವತ್ತು ಹನ್ನೆರಡಕ್ಕೆ ಅಂಗಡಿ ಮುಚ್ತೀನಿ."

ಹನ್ನೆರಡಕ್ಕೆ ಅಲ್ಲಿ ತಲುಪುವ ಬಸ್ಸು ಇಲ್ಲ. ಅದು ನನಗಿಂತ ಚೆನ್ನಾಗಿ ಯಾರಿಗೂ ಗೊತ್ತಿಲ್ಲ. ಆದರೆ ಫೋನು ಇಟ್ಟ ಮೇಲೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಬಸ್ಸಲ್ಲ, ಆ ಎರಡು ಸಲ ಎಂಬ ಮಾತು.

ಸದ್ದು ಮಾಡದೆ ಕೆಳಗೆ ಇಳಿದೆ. ಅಣ್ಣ ಬಾಗಿಲಿಗೆ ಬೆನ್ನು ಹಾಕಿ ಕೂತು ಒಂದು ಹಲಗೆಯ ಅಂಚಿಗೆ ಉಜ್ಜುಕಾಗದ ಆಡಿಸುತ್ತಿದ್ದ. ಯಂತ್ರ ಯಾವುದೂ ಓಡುತ್ತಿರಲಿಲ್ಲ. ನಾಲ್ಕು ಹೆಜ್ಜೆ ಹಿಂದೆ ನಿಂತು, ನನ್ನ ನಿಲ್ದಾಣದ ದನಿಯಲ್ಲಲ್ಲ, ಲೋಕದವರೆಲ್ಲ ಮಾತಾಡುವ ದನಿಯಲ್ಲಿ ಕೇಳಿದೆ.

"ಅಣ್ಣ, ಚಹಾ ಕುಡೀತೀಯಾ?"

ಚಹಾ ಎಂದರೆ ನಿದ್ದೆಯಲ್ಲೂ ಎದ್ದು ಕೂರುವವನು ಅವನು. ಕೈ ನಿಲ್ಲಲಿಲ್ಲ. ಮತ್ತೊಮ್ಮೆ ಕೇಳಿದೆ. ಒಂದು ಹೆಜ್ಜೆ ಮುಂದೆ ಹೋಗಿ ಇನ್ನೊಮ್ಮೆ ಕೇಳಿದೆ. ಅವನು ಹಲಗೆಯನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿದ, ಊದಿದ, ಮತ್ತೆ ಉಜ್ಜತೊಡಗಿದ.

ಗಿರಾಕಿಗಳು ಗೊಣಗುತ್ತಿರಲಿಲ್ಲ. ಯಾರೂ ಗೊಣಗುತ್ತಿರಲಿಲ್ಲ. ಮೂವತ್ತು ವರ್ಷದ ಗರಗಸ ಅವನ ಕಿವಿಯನ್ನು ಸ್ವಲ್ಪ ಸ್ವಲ್ಪವಾಗಿ ತಿಂದಿತ್ತು. ಒಂದೇ ಸೂರಿನ ಕೆಳಗಿದ್ದೂ ನನಗೆ ಅದು ತಿಳಿಯಲಿಲ್ಲ, ಏಕೆಂದರೆ ನಾನು ಮಾತಾಡಿದ್ದೆಲ್ಲ ಅವನಿಗೆ ಕೇಳುತ್ತಿತ್ತು. ನನ್ನ ಗಂಟಲು ಅಂಥದ್ದು. ನನಗೆ ಅಳು ಬಂತು, ಅದರ ಹಿಂದೆಯೇ ಕೋಪವೂ ಬಂತು, ಯಾರ ಮೇಲೆಂದು ತಿಳಿಯಲಿಲ್ಲ. ಹೇಳಿಬಿಡೋಣ ಎಂದು ಬಾಯಿ ತೆರೆದೆ. ಏನೆಂದು ಹೇಳುವುದು? ಹಾಗೇ ಮೆಟ್ಟಿಲು ಹತ್ತಿ ಬಂದುಬಿಟ್ಟೆ. ಹೇಡಿತನ ಎಂದರೆ ಹೇಡಿತನವೇ. ಗಡುವಿಗೆ ಇನ್ನು ಐದು ಗಂಟೆಯೂ ಇರಲಿಲ್ಲ.

ಅರ್ಧ ಗಂಟೆ ಪೆಟ್ಟಿಗೆಯ ಮೇಲೆ ದಿಂಬು ಒತ್ತಿದೆ, ರಟ್ಟು ಕವಿಚಿದೆ. ಮೈ ಬಿಸಿಯಾಗಿ ಅದು ಇನ್ನೂ ಜೋರಾಗಿ ಕೂಗಿತು. ಅಷ್ಟರಲ್ಲಿ ಅಣ್ಣ ತಾನಾಗಿಯೇ ಮೇಲೆ ಬಂದ. ಜಗಳವಾಡಿ ಒಂದು ಗಂಟೆಗಿಂತ ಹೆಚ್ಚು ಹೊತ್ತು ಸುಮ್ಮನಿರುವುದು ನಮ್ಮಿಬ್ಬರಿಗೂ ಆಗುವುದಿಲ್ಲ. ನನ್ನ ದಿಂಬಿನ ಸಾಹಸವನ್ನು ಬಾಗಿಲಲ್ಲಿ ನಿಂತು ನೋಡಿದ.

"ಸದ್ದು ಇದೆಯೋ ಇಲ್ವೋ, ನಂಗೊತ್ತಿಲ್ಲ. ಇದೆ ಅಂತ ನೀನಂದ್ರೆ ಇದೆ ಅಂತ ಇಟ್ಕೊಳ್ಳೋಣ. ಪೆಟ್ಟಿಗೆ ಯಾಕೆ ನಿನ್ನ ಜೊತೆ ಒಳಗಿರ್ಬೇಕು? ಹೊರಗಿಡು. ಮೈಕಿನ ವೈರು ಮಾತ್ರ ಒಳಗೆ ಬರ್ಲಿ."

ಒಂಬತ್ತು ಹಾಳೆ ಲೆಕ್ಕ ಹಾಕಿದವಳಿಗೆ ಇಷ್ಟು ಹೊಳೆದಿರಲಿಲ್ಲ. ಅಣ್ಣ ಉಳಿ ತಂದು ಬಾಗಿಲಿನ ಅಡಿಯಂಚನ್ನು ವೈರು ಹಿಡಿಯುವಷ್ಟೇ ಕೊರೆದ. ಕಂಪ್ಯೂಟರನ್ನು ಹೊರಗೆ ಸ್ಟೂಲಿನ ಮೇಲಿಟ್ಟ. ಶುರು ಮಾಡುವ, ನಿಲ್ಲಿಸುವ ಗುಂಡಿಯನ್ನು ತೋರಿಸಿದೆ. ನನ್ನ ದನಿ ಒಳಗೆ ಹೋಗುತ್ತಿದ್ದರೆ ಪರದೆಯ ಮೇಲೆ ಗೆರೆ ಕುಣಿಯುತ್ತದೆ, ಗೆರೆ ನೆಟ್ಟಗೆ ಮಲಗಿದರೆ ಬಾಗಿಲು ತಟ್ಟು ಎಂದೆ. ಅವನು ಹೆಡ್‌ಫೋನು ಹಾಕಿಕೊಂಡು ಕೂತ. ನಾನು ಬಾಗಿಲು ಹಾಕಿಕೊಂಡೆ.

ಒಳಗೆ ಸದ್ದಿಲ್ಲ. ನಿಜವಾಗಿ ಇಲ್ಲ.

ಓದಲು ಶುರು ಮಾಡಿದಾಗ ನನ್ನ ನಿಲ್ದಾಣದ ದನಿಯೇ ಎದ್ದು ಬಂತು. ರಾಣಿಜೇನು ಎರಡನೇ ಪ್ಲಾಟ್‌ಫಾರ್ಮಿನಿಂದ ಹೊರಡಲಿದೆ ಎನ್ನುವ ಧಾಟಿ. ನಿಲ್ಲಿಸಿ, ನೀರು ಕುಡಿದು, ದನಿ ತಗ್ಗಿಸಿದೆ. ಈ ಪುಸ್ತಕ ಕೇಳುವವರು ಎಲ್ಲೋ ದೂರದ ಪ್ಲಾಟ್‌ಫಾರ್ಮಿನಲ್ಲಿ ನಿಂತಿಲ್ಲ, ಕಿವಿಯ ಪಕ್ಕದಲ್ಲೇ ಇದ್ದಾರೆ. ಪಕ್ಕದಲ್ಲಿ ಕೂತವರಿಗೆ ಹೇಳುವ ಹಾಗೆ ಓದಿದೆ. ಹಾಗೆ ಯಾರಿಗೂ ಏನನ್ನೂ ಹೇಳಿದ ಅಭ್ಯಾಸವೇ ನನಗಿರಲಿಲ್ಲ. ಇಪ್ಪತ್ತಾರು ಪುಟಕ್ಕೆ ಐವತ್ತು ನಿಮಿಷ ಹಿಡಿಯಿತು. ಆ ಐವತ್ತು ನಿಮಿಷ ನಾನು ಕೂತಲ್ಲಿಂದ ಏಳಲಿಲ್ಲ.

ಬಾಗಿಲು ತೆರೆದಾಗ ಅಣ್ಣ ಪರದೆಗೆ ಮುಖ ಕೊಟ್ಟು ಹಾಗೇ ಕೂತಿದ್ದ.

"ಚೆನ್ನಾಗಿ ಓದಿದೆ," ಎಂದ.

"ಯಾವ ಭಾಗ ಚೆನ್ನಾಗಿತ್ತು?"

ಕೇಳಬಾರದಿತ್ತು. ಗೊತ್ತಿದ್ದೂ ಕೇಳಿದೆ. ಅವನು ಹೆಡ್‌ಫೋನು ತೆಗೆದು ತೊಡೆಯ ಮೇಲಿಟ್ಟುಕೊಂಡ.

"ಗೆರೆ ಚೆನ್ನಾಗಿ ಕುಣೀತಿತ್ತು."

ನಾನು ಅವನ ಹತ್ತಿರ ಹೋದೆ.

"ಮೊದಲು ಸ್ವಲ್ಪ ಕೇಳ್ತು. ಆಮೇಲೆ ನೀನು ದನಿ ಇಳಿಸ್ದೆ ನೋಡು, ಅಲ್ಲಿಂದ ಏನೂ ಇಲ್ಲ. ಮೈಕು ಕೆಡ್ತು ಅಂತ ಬಾಗಿಲು ತಟ್ಟೋಕೆ ಎದ್ದೆ. ನೋಡಿದ್ರೆ ಗೆರೆ ಕುಣೀತಾನೇ ಇದೆ." ಹೆಡ್‌ಫೋನಿನ ವೈರನ್ನು ಬೆರಳಿಗೆ ಸುತ್ತಿ ಬಿಚ್ಚಿದ. "ಗರಗಸದ ಸದ್ದು ಈಚೆಗೆ ಕಡಿಮೆಯಾಗಿದೆ ಅನ್ಕೊಂಡಿದ್ದೆ ಕಣೇ. ಎಣ್ಣೆ ಸರಿಯಾಗಿ ಬಿಡ್ತಿದೀನಿ, ಅದಕ್ಕೇ ಅಂತ. ಖುಷಿಯಾಗಿತ್ತು. ನಿನ್ನ ಮಾತು ಕೇಳ್ತಿತ್ತಲ್ಲ, ಎಲ್ಲ ಸರಿಯಿದೆ ಅಂತಲೇ ಇದ್ದೆ."

ನಾನು ಅವನ ತಲೆಯನ್ನು ಹೊಟ್ಟೆಗೆ ಒತ್ತಿಕೊಂಡು ಅತ್ತೆ. ಅವನ ಕೂದಲಲ್ಲಿ ಮರದ ಹೊಟ್ಟು ಇತ್ತು. ಅವನು ನನ್ನ ಕೈ ತಟ್ಟಿ, ಗಂಟೆ ನೋಡು, ಮೊದಲು ಅದನ್ನ ಕಳಿಸು ಎಂದ. ತಪ್ಪಿದ ಕಡೆಗಳನ್ನು ಕತ್ತರಿಸಿ, ಕೂಡಿಸಿ, ಮೂರು ಮುಕ್ಕಾಲಿಗೆ ಕಳಿಸಿದೆ.

ಸಂಜೆ ಆರಕ್ಕೆ ಸಂಸ್ಥೆಯ ಮೇಡಂ ಫೋನು ಮಾಡಿದರು. ಮೊದಲ ಎರಡು ನಿಮಿಷ ಬಸ್ ನಿಲ್ದಾಣದಲ್ಲಿ ನಿಂತ ಹಾಗಿತ್ತು, ಆಮೇಲೆ ಯಾರೋ ಮನೆಯವರು ಪಕ್ಕದಲ್ಲಿ ಕೂತು ಓದಿದ ಹಾಗಿತ್ತು, ಆ ಎರಡನೆಯವರು ನಮಗೆ ಬೇಕು ಎಂದು ನಕ್ಕರು. ಸೋಮವಾರದಿಂದಲೇ ಶುರು ಮಾಡಿ ಎಂದರು. ಮಂಗಳವಾರದಿಂದ ಮಾಡುತ್ತೇನೆ ಎಂದೆ. ಆಗಲಿ ಎಂದರು.

ಅಣ್ಣ ಎದುರಿಗೆ ನಿಂತು ನನ್ನ ತುಟಿಯನ್ನೇ ನೋಡುತ್ತಿದ್ದ. ಎಷ್ಟು ದಿನದಿಂದ ಹೀಗೆ ನೋಡುತ್ತಿದ್ದನೋ.

"ಕೆಲಸ ಸಿಕ್ತಾ?"

"ಸಿಕ್ತು."

ಅವನು ಬಾಯಿ ತುಂಬ ನಕ್ಕ. ನಗು ಮುಗಿಯುವ ಮೊದಲೇ ಕೇಳಿದ, "ಮಂಗಳವಾರ ಅಂದೆಯಲ್ಲ, ಸೋಮವಾರ ಏನಿದೆ?"

"ಕಿವಿ ಡಾಕ್ಟರ ಹತ್ರ ಹೋಗ್ಬೇಕು. ಇಬ್ರೂ."

ಅವನು ವಾದಕ್ಕೆ ಬರಲಿಲ್ಲ. ಕಿಟಕಿಯ ಹತ್ತಿರ ಹೋಗಿ ನಿಂತ. ಕೆಳಗೆ ಶೆಡ್ಡಿನ ಬಾಗಿಲು ತೆರೆದೇ ಇತ್ತು, ಬೆಳಿಗ್ಗೆಯ ಹಲಗೆ ಅರ್ಧ ಉಜ್ಜಿದ್ದು ಹಾಗೇ ಬಿದ್ದಿತ್ತು.

"ಇನ್ಮೇಲೆ ಗರಗಸ ಮುಟ್ಟಬೇಡ ಅಂತಾರೇನೇ?" ಎಂದು ಕೇಳಿದ.

ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದೇ ಹೇಳಿದೆ, ಅವನಿಗೆ ಕೇಳುವಷ್ಟು ಜೋರಾಗಿ.